11 ಅಕ್ಕಿ ಮಿಲ್ಲು, ಒಂದು ಕಾವಲು ಖಾತೆ: ಗಂಗಾವತಿಯ ಒಂದು ಪ್ರಕರಣ

ಇದು ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ, ಸಿದ್ದಾಪುರ ಸುತ್ತಿನ 11 ಅಕ್ಕಿ ಮಿಲ್ಲುಗಳ ಕಥೆ. ಮಿಲ್ಲಿನ ಹೆಸರು, ಮಾಲೀಕರ ಹೆಸರು, ಖಾತೆ ಸಂಖ್ಯೆ ಯಾವುದನ್ನೂ ಕೊಟ್ಟಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಕೆಲಸ ನಡೆದ ಕ್ರಮ, ನಾವು ಎಡವಿದ ಜಾಗ, ತೆಗೆದುಕೊಂಡ ತೀರ್ಮಾನ ಎಲ್ಲ ಇದ್ದ ಹಾಗೇ ಇವೆ. ಬೇರೆ ಬೇರೆ ಮಾಲೀಕರ ಕ್ಲೌಡ್ ಖಾತೆಗಳನ್ನು ಒಂದೇ ಭದ್ರತಾ ನಿರ್ವಾಹಕ ಖಾತೆಗೆ ಜೋಡಿಸುವ ಕೆಲಸ ನಿಮಗೂ ಬರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಕಾಟಾ, ಮೂಟೆ, ಮುಂಬೈ ಸರ್ವರ್

ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಮೇಲೆ ಬೆಳೆದ ಊರುಗಳಿವು. ಸುಗ್ಗಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರ್ ಮಿಲ್ಲಿನ ಮುಂದೆ ಸಾಲು ನಿಲ್ಲುತ್ತವೆ. ಲೋಡ್ ಕಾಟಾ ಮೇಲೆ ಹತ್ತುತ್ತದೆ. ತೂಕ, ತೇವಾಂಶ, ಮೂಟೆ ಲೆಕ್ಕ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಂದ ರೈತರ ಪಟ್ಟಿ, ದಲಾಲಿ ಅಂಗಡಿಯ ಪಟ್ಟಿ, ಅಕ್ಕಿ, ನುಚ್ಚು, ತೌಡಿನ ಲೆಕ್ಕ ಎಲ್ಲ ಹೊರಗೆ ಬರುತ್ತದೆ.

ಮೊದಲು ಈ ಲೆಕ್ಕ ಮಿಲ್ಲಿನ ಆಫೀಸಿನ ಕಂಪ್ಯೂಟರಿನಲ್ಲೇ ಇತ್ತು. ಧೂಳು, ಬಿಸಿಲು, ಕರೆಂಟ್ ಹೋಗಿ ಬಂದು ಮಾಡುವುದು. ಎರಡು ಮೂರು ಮಿಲ್ಲಿನಲ್ಲಿ ಹಾರ್ಡ್ ಡಿಸ್ಕ್ ಕೆಟ್ಟು ಒಂದು ಸುಗ್ಗಿಯ ಲೆಕ್ಕವೇ ಹೋಯಿತು. ಆಮೇಲೆ ನಮ್ಮ ಊರಿನ ಒಂದು ಸಣ್ಣ ಸಾಫ್ಟ್‌ವೇರ್ ಅಂಗಡಿ ಅದನ್ನು ಎಡಬ್ಲ್ಯೂಎಸ್, ಅಂದರೆ ಅಮೆಜಾನಿನ ಕ್ಲೌಡ್ ಸೇವೆಯ ಮುಂಬೈ ರೀಜನ್ನಿಗೆ (ಒಂದು ಪ್ರದೇಶದ ಸರ್ವರ್ ಕೇಂದ್ರಗಳ ಗುಂಪಿಗೆ ರೀಜನ್ ಅನ್ನುತ್ತಾರೆ) ಸಾಗಿಸಿತು. ನಾನು ಆ ಅಂಗಡಿಗೆ ಸರ್ವರ್ ಕೆಲಸ ನೋಡಿಕೊಡುತ್ತೇನೆ.

ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. 11 ಮಿಲ್ಲಿಗೆ 11 ಬೇರೆ ಬೇರೆ ಖಾತೆ. ಒಬ್ಬೊಬ್ಬರದು ಅವರವರ ಕಾರ್ಡು, ಅವರವರ ಜಿಎಸ್‌ಟಿ ನಂಬರು. ಇವರು ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಆದರೆ ಭತ್ತ ಕೊಳ್ಳುವಾಗ ಪೈಪೋಟಿಗೆ ನಿಲ್ಲುತ್ತಾರೆ. ಇವತ್ತು ಎಷ್ಟು ಲೋಡ್ ಬಂತು, ಯಾವ ರೇಟಿಗೆ ಬಂತು ಅನ್ನೋದು ಪಕ್ಕದ ಮಿಲ್ಲಿಗೆ ಗೊತ್ತಾಗಬಾರದು. ಮುಂದೆ ನಾವು ಮಾಡಿದ ಒಂದೊಂದು ತೀರ್ಮಾನಕ್ಕೂ ಇದೇ ಬುನಾದಿ.

ಬಿಲ್ಲು ಬಂದ ದಿನ

ಒಂದು ಮಿಲ್ಲಿನ ಮಾಲೀಕರು ಬೆಳಗ್ಗೆ ಬೆಳಗ್ಗೆ ಫೋನ್ ಮಾಡಿದರು. ಅವರ ಕಾರ್ಡಿನಿಂದ ಎರಡು ಲಕ್ಷ ರೂಪಾಯಿಗೂ ಜಾಸ್ತಿ ಹೋಗಿತ್ತು. ತಿಂಗಳಿಗೆ ಕೆಲವು ಸಾವಿರ ಬರುತ್ತಿದ್ದ ಬಿಲ್ಲು.

ನಾನು ಲಾಗಿನ್ ಆಗಿ ನೋಡಿದೆ. ಮುಂಬೈಯಲ್ಲಿ ಎಲ್ಲ ಸರಿಯಾಗಿತ್ತು. ಒಂದು ಸಣ್ಣ ಸರ್ವರ್, ಒಂದು ಡೇಟಾಬೇಸ್, ಅಷ್ಟೇ. ಎರಡು ತಾಸು ಅಲ್ಲೇ ಹುಡುಕಿದೆ. ಬಿಲ್ಲಿನ ಲೆಕ್ಕದಲ್ಲೇ ತಪ್ಪಾಗಿರಬೇಕು ಅಂತ ಕೂಡ ಅಂದುಕೊಂಡೆ. ಕೊನೆಗೆ ಬಿಲ್ಲನ್ನು ರೀಜನ್ ಪ್ರಕಾರ ಬಿಡಿಸಿ ನೋಡಿದಾಗ ವಿಷಯ ಬಯಲಾಯಿತು. ನಾವು ಯಾವತ್ತೂ ಕಾಲಿಡದ ರೀಜನ್‌ಗಳಲ್ಲಿ ದೊಡ್ಡ ದೊಡ್ಡ ಮಷಿನ್‌ಗಳು ಹಗಲು ರಾತ್ರಿ ಓಡುತ್ತಿದ್ದವು. ಯಾರೋ ಕ್ರಿಪ್ಟೋ ನಾಣ್ಯ ಗಣಿಗಾರಿಕೆ, ಅಂದರೆ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ ನಡೆಸಿದ್ದರು.

ಕಾರಣವೂ ಸಿಕ್ಕಿತು. ಕಾಟಾದ ತೂಕವನ್ನು ಸರ್ವರಿಗೆ ಕಳಿಸುವ ಪುಟ್ಟ ಪ್ರೋಗ್ರಾಂ ಒಂದಿತ್ತು. ಅದನ್ನು ಬರೆದ ನಮ್ಮ ಅಂಗಡಿಯ ಹುಡುಗ ಕೋಡನ್ನು ಪಬ್ಲಿಕ್ ರೆಪೊದಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದಾದ ಕೋಡ್ ಕಣಜದಲ್ಲಿ ಇಟ್ಟಿದ್ದ. ಅದರೊಳಗೆ ಖಾತೆಯ ಆಕ್ಸೆಸ್ ಕೀ, ಅಂದರೆ ಪ್ರೋಗ್ರಾಂಗಳು ಖಾತೆಯೊಳಗೆ ಹೋಗಲು ಬಳಸುವ ಗುಪ್ತ ಸಂಕೇತ, ಹಾಗೇ ಕೂತಿತ್ತು. ಇಂಥ ಕೀಗಳನ್ನು ಹುಡುಕಲು ಯಂತ್ರಗಳೇ ಕಾದು ಕೂತಿರುತ್ತವೆ. ಕೀ ಹೊರಗೆ ಬಿದ್ದ ಕೆಲವೇ ನಿಮಿಷದಲ್ಲಿ ಬಳಕೆ ಶುರುವಾಗಬಹುದು. ಅವನಿಗೆ ಇದು ಗೊತ್ತಿರಲಿಲ್ಲ. ಹೇಳಿಕೊಡಬೇಕಾದ ನಾವೂ ಹೇಳಿಕೊಟ್ಟಿರಲಿಲ್ಲ.

ಕೀ ರದ್ದು ಮಾಡಿದೆವು, ಮಷಿನ್‌ಗಳನ್ನು ನಿಲ್ಲಿಸಿದೆವು. ಸಂಜೆಯ ಹೊತ್ತಿಗೆ ಇನ್ನೂ ನಾಲ್ಕು ಮಾಲೀಕರ ಫೋನ್ ಬಂತು. ಎಲ್ಲರದೂ ಒಂದೇ ಪ್ರಶ್ನೆ: "ನಮ್ಮದರಾಗೂ ಹಂಗ ಆಗೈತೇನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎಡಬ್ಲ್ಯೂಎಸ್ ಖಾತೆಯಲ್ಲಿ 17 ರೀಜನ್‌ಗಳು ತಾವಾಗೇ ತೆರೆದಿರುತ್ತವೆ. ಹೈದರಾಬಾದಿನಂಥ ಹೊಸವನ್ನು ನಾವೇ ಬೇಕು ಅಂತ ತೆರೆಯಬೇಕು. ಹತ್ತು ಖಾತೆ, ಒಂದೊಂದರಲ್ಲಿ 17 ರೀಜನ್. ಒಂದೊಂದನ್ನೇ ತೆರೆದು ನೋಡಲು ಎರಡು ದಿನ ಹಿಡಿಯಿತು. ಬೇರೆ ಯಾರದೂ ಹಾಳಾಗಿರಲಿಲ್ಲ. ಆದರೆ ಮೂರನೇ ದಿನದ ಬಗ್ಗೆ ಯಾರಿಗೂ ಏನೂ ಹೇಳುವ ಹಾಗಿರಲಿಲ್ಲ.

ಕಾವಲು ಯಾರ ಮನೆಯಲ್ಲಿ?

ಎಡಬ್ಲ್ಯೂಎಸ್‌ನಲ್ಲಿ ಗಾರ್ಡ್‌ಡ್ಯೂಟಿ ಅನ್ನೋ ಸೇವೆ ಇದೆ. 2017ರಲ್ಲಿ ಬಂದದ್ದು. ಖಾತೆಯಲ್ಲಿ ಯಾರು ಏನು ಮಾಡಿದರು ಅನ್ನೋ ಕ್ಲೌಡ್‌ಟ್ರೇಲ್ ದಾಖಲೆ, ನೆಟ್‌ವರ್ಕ್ ಓಡಾಟದ ದಾಖಲೆ, ಡಿಎನ್‌ಎಸ್ ವಿಚಾರಣೆಗಳ (ವೆಬ್ ಹೆಸರಿನ ವಿಳಾಸ ಹುಡುಕಿದ್ದರ) ದಾಖಲೆ ಇಷ್ಟನ್ನು ಅದು ತಾನೇ ಓದಿಕೊಳ್ಳುತ್ತದೆ. ಗುಮಾನಿ ಬಂದರೆ ಒಂದು ಫೈಂಡಿಂಗ್, ಅಂದರೆ ಎಚ್ಚರಿಕೆಯ ವರದಿ ಬರೆಯುತ್ತದೆ. ನಾಣ್ಯ ಗಣಿಗಾರಿಕೆಯ ವಿಳಾಸಗಳ ಜೊತೆ ಮಾತಾಡುವ ಮಷಿನ್ ಕಂಡರೆ ಅದಕ್ಕೇ ಬೇರೆ ಫೈಂಡಿಂಗ್ ಇದೆ. ಹೊಸ ಖಾತೆಗೆ ಮೊದಲ 30 ದಿನ ಉಚಿತ. ಆಮೇಲೆ ಎಷ್ಟು ದಾಖಲೆ ಓದಿತೋ ಅಷ್ಟಕ್ಕೆ ದುಡ್ಡು. ಬಳಸದ ರೀಜನ್ನಿನಲ್ಲಿ ಖರ್ಚು ಬಹಳ ಕಡಿಮೆ.

ಒಂದು ಖಾತೆಯನ್ನು ನಿರ್ವಾಹಕ ಖಾತೆ ಅಂತ ಮಾಡಿ, ಉಳಿದವನ್ನು ಅದರ ಸದಸ್ಯ ಖಾತೆ ಮಾಡಬಹುದು. ಆಗ ಎಲ್ಲರ ಫೈಂಡಿಂಗೂ ಒಂದೇ ಕಡೆ ಕಾಣುತ್ತದೆ. ಇದಕ್ಕೆ ಎರಡು ದಾರಿ. ಒಂದು, ಎಲ್ಲ ಖಾತೆಗಳನ್ನೂ ಆರ್ಗನೈಸೇಷನ್ಸ್ ಅನ್ನೋ ಒಂದೇ ಮನೆತನಕ್ಕೆ ತರುವುದು. ಎಡಬ್ಲ್ಯೂಎಸ್ ಹೇಳುವುದೂ ಇದನ್ನೇ. ಹೊಸ ಖಾತೆ ಬಂದರೆ ತಾನಾಗೇ ಕಾವಲಿಗೆ ಸೇರುತ್ತದೆ, ಬೇಡದ ರೀಜನ್‌ಗಳಿಗೆ ಮೇಲಿನಿಂದಲೇ ಬೀಗ ಹಾಕಬಹುದು. ಇನ್ನೊಂದು ಆಹ್ವಾನದ ದಾರಿ. ನಿರ್ವಾಹಕ ಖಾತೆ ಕರೆಯುತ್ತದೆ, ಸದಸ್ಯ ಖಾತೆ ತಾನೇ ಒಪ್ಪಿಕೊಳ್ಳಬೇಕು.

ನನಗೆ ಮೊದಲನೇ ದಾರಿ ಬೇಕಿತ್ತು. ಕೆಲಸ ಕಡಿಮೆ, ಭದ್ರತೆ ಜಾಸ್ತಿ. ಎಲ್ಲ ಮಾಲೀಕರನ್ನೂ ಒಂದು ಮಿಲ್ಲಿನ ಆಫೀಸಿಗೆ ಕರೆಸಿದೆವು. ಒಗ್ಗಣಿ, ಮಿರ್ಚಿ ಬಂತು. ನಾನು ವಿವರಿಸಿದೆ. ಮಾತು ಮುಗಿಯುವ ಮುಂಚೆಯೇ ಒಬ್ಬರು ಕೇಳಿದರು: "ಬಿಲ್ಲು ಯಾರ ಹೆಸರಿಗೆ ಬರುತ್ತೆ?" ಆರ್ಗನೈಸೇಷನ್ಸ್‌ನಲ್ಲಿ ಎಲ್ಲರ ಬಿಲ್ಲೂ ಮುಖ್ಯ ಖಾತೆಗೆ ಬರುತ್ತದೆ. ಒಬ್ಬೊಬ್ಬರ ಬಳಕೆ ಅಲ್ಲಿ ಕಾಣುತ್ತದೆ. ಬಳಕೆ ಏರಿತು ಅಂದರೆ ಆ ಮಿಲ್ಲಿಗೆ ಲೋಡ್ ಜಾಸ್ತಿ ಬರುತ್ತಿದೆ ಅಂತ ಅರ್ಥ. ಅವರಿಗೆ ಅದು ಅರ್ಧ ನಿಮಿಷದಲ್ಲಿ ಹೊಳೆಯಿತು. ನನಗೆ ಹೊಳೆದಿರಲಿಲ್ಲ.

ಹಾಗಾಗಿ ಆಹ್ವಾನದ ದಾರಿ ಹಿಡಿದೆವು. ಇದರಲ್ಲಿ ಅವರವರ ಬಿಲ್ಲು ಅವರವರಿಗೇ. ನಿರ್ವಾಹಕ ಖಾತೆಗೆ ಕಾಣುವುದು ಫೈಂಡಿಂಗ್‌ಗಳು. ಡೇಟಾಬೇಸಿನ ಒಳಗಿನ ಲೆಕ್ಕ ಕಾಣುವುದಿಲ್ಲ. ಒಬ್ಬ ಸದಸ್ಯರದು ಇನ್ನೊಬ್ಬ ಸದಸ್ಯರಿಗೆ ಕಾಣುವುದಿಲ್ಲ. ಆದರೆ ಫೈಂಡಿಂಗ್ ಒಳಗೆ ಸರ್ವರ್ ವಿಳಾಸ, ಬಳಕೆದಾರರ ಹೆಸರು ಇರುತ್ತವೆ. ಅದನ್ನೂ ಮುಚ್ಚಿಡದೆ ಹೇಳಿದೆ.

ಇನ್ನೊಂದು ಪ್ರಶ್ನೆ ಉಳಿಯಿತು. ನಿರ್ವಾಹಕ ಖಾತೆ ಯಾವುದು? ನಮ್ಮ ಅಂಗಡಿಯ ಖಾತೆಯನ್ನೇ ಮಾಡೋಣ ಅಂತ ನಾವು ಅಂದುಕೊಂಡಿದ್ದೆವು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯ ಸಾಹುಕಾರರು ನನ್ನ ಕಡೆ ತಿರುಗಿ, "ತಮ್ಮಾ, ಕೀ ಹೋಗಿದ್ದು ನಿಮ್ಮ ಹುಡುಗನ ಕೈಯಿಂದ. ನಾಳೆ ಬೇಲಿನೇ ಎದ್ದು ಹೊಲ ಮೇಯ್ದರ ಯಾರಿಗೆ ಹೇಳೋಣ?" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ನಿಜವಾದ ಮಾತು.

ಅವತ್ತೇ ತೀರ್ಮಾನವಾಯಿತು. ಕಾವಲಿಗೆ ಅಂತಲೇ ಒಂದು ಹೊಸ ಖಾತೆ. ಅದರಲ್ಲಿ ಬೇರೆ ಸರ್ವರ್ ಇಲ್ಲ, ಲೆಕ್ಕ ಇಲ್ಲ. ರೂಟ್ ಇಮೇಲ್, ಅಂದರೆ ಖಾತೆಯ ಪೂರ್ಣ ಅಧಿಕಾರದ ಮೂಲ ಲಾಗಿನ್ನಿನ ಇಮೇಲ್, ಮಿಲ್ಲಿನವರ ಕೂಟದ್ದು. ಎರಡನೇ ಹಂತದ ಪರಿಶೀಲನೆಯ ಸಾಧನ ಹಿರಿಯರ ತಿಜೋರಿಯಲ್ಲಿ. ನಮಗೆ ಗಾರ್ಡ್‌ಡ್ಯೂಟಿ ನೋಡಿಕೊಳ್ಳುವಷ್ಟು ಮಾತ್ರ ಅನುಮತಿ.

187 ಆಹ್ವಾನ

ಗಾರ್ಡ್‌ಡ್ಯೂಟಿ ರೀಜನ್ ರೀಜನ್ನಿಗೂ ಬೇರೆ. ಮುಂಬೈಯಲ್ಲಿ ಜೋಡಿಸಿದರೆ ಮುಂಬೈಗೆ ಮಾತ್ರ ಕಾವಲು. ನಮ್ಮ ಕಳ್ಳತನ ನಡೆದದ್ದು ನಾವು ನೋಡದ ರೀಜನ್‌ಗಳಲ್ಲಿ. ಹಾಗಾಗಿ 17 ರೀಜನ್ನಿನಲ್ಲೂ ಬೇಕೇ ಬೇಕು. 11 ಖಾತೆ, 17 ರೀಜನ್. 187 ಆಹ್ವಾನ, 187 ಒಪ್ಪಿಗೆ. ಬ್ರೌಸರಿನಲ್ಲಿ ಒಂದು ಮಾಡಲು ನನಗೆ ಹತ್ತು ನಿಮಿಷ ಹಿಡಿಯಿತು. ಕಮಾಂಡ್ ಲೈನ್ (ಆದೇಶಗಳನ್ನು ಟೈಪ್ ಮಾಡಿ ಓಡಿಸುವ ಪರದೆ) ಬಿಟ್ಟು ಬೇರೆ ದಾರಿ ಇರಲಿಲ್ಲ.

ನಿರ್ವಾಹಕ ಖಾತೆಯ ಕಡೆ ಕೆಲಸ ಮೂರು ಹೆಜ್ಜೆ. ಮೊದಲು "ಕ್ರಿಯೇಟ್-ಡಿಟೆಕ್ಟರ್". ಇದು ಆ ರೀಜನ್ನಿನಲ್ಲಿ ಕಾವಲನ್ನು ಶುರು ಮಾಡಿ 32 ಅಕ್ಷರದ ಒಂದು ಡಿಟೆಕ್ಟರ್ ಐಡಿ ಕೊಡುತ್ತದೆ. ಆಮೇಲೆ "ಕ್ರಿಯೇಟ್-ಮೆಂಬರ್ಸ್". ಇದಕ್ಕೆ ಸದಸ್ಯರ 12 ಅಂಕಿಯ ಖಾತೆ ಸಂಖ್ಯೆ ಮತ್ತು ಆ ಖಾತೆಯ ಇಮೇಲ್ ಕೊಡಬೇಕು. ಮೂರನೆಯದು "ಇನ್ವೈಟ್-ಮೆಂಬರ್ಸ್". ಇದು ಆಹ್ವಾನ ಕಳಿಸುತ್ತದೆ. ಈ ಮೂರನ್ನೂ 17 ರೀಜನ್ನಿನ ಮೇಲೆ ಸುತ್ತುವ ಒಂದು ಸ್ಕ್ರಿಪ್ಟ್ ಬರೆದೆ. ಮೊದಲ ಸಾಲಿನಲ್ಲೇ "ಗೆಟ್-ಕಾಲರ್-ಐಡೆಂಟಿಟಿ" ಇಟ್ಟೆ. ಯಾವ ಖಾತೆಯ ಹೆಸರಿನಲ್ಲಿ ಓಡುತ್ತಿದ್ದೇವೆ ಅಂತ ಅದು ತೋರಿಸುತ್ತದೆ. ಒಂದೇ ಲ್ಯಾಪ್‌ಟಾಪಿನಲ್ಲಿ ನಾಲ್ಕಾರು ಖಾತೆಯ ಪ್ರೊಫೈಲ್ (ಲಾಗಿನ್ ವಿವರ) ಇಟ್ಟುಕೊಂಡವರಿಗೆ ಇದು ಬಹಳ ಮುಖ್ಯ.

ರಾತ್ರಿ ಓಡಿಸಿದೆ. ಪರದೆ ಮೇಲೆ ಸಾಲು ಸಾಲಾಗಿ ಬಂತು. ಕೊನೆಗೆ ನನ್ನ ಸ್ಕ್ರಿಪ್ಟ್ "ಮುಗಿಯಿತು" ಅಂತ ಬರೆಯಿತು. ನಾನೂ ಹಾಗೇ ಅಂದುಕೊಂಡು ಮಲಗಿದೆ.

ಬೆಳಗ್ಗೆ "ಲಿಸ್ಟ್-ಮೆಂಬರ್ಸ್" ಓಡಿಸಿ ನೋಡಿದರೆ ಲೆಕ್ಕ ಸೇರುತ್ತಿಲ್ಲ. ಎರಡು ಖಾತೆ ಪಟ್ಟಿಯಲ್ಲೇ ಇಲ್ಲ. ಮೂರರ ಮುಂದೆ ಇಮೇಲ್ ಪರಿಶೀಲನೆ ವಿಫಲ ಅನ್ನುವ ಸ್ಥಿತಿ. ಒಂದರದು ಏನು ಅಂತಲೇ ಗೊತ್ತಾಗಲಿಲ್ಲ.

ಪಟ್ಟಿಯಲ್ಲಿಲ್ಲದ ಎರಡರ ಕಾರಣ ಹುಡುಕಲು ಅರ್ಧ ದಿನ ಹೋಯಿತು. ಖಾತೆ ಸಂಖ್ಯೆಗಳನ್ನು ನಮ್ಮ ಅಂಗಡಿಯಲ್ಲಿ ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟಿದ್ದೆವು. ಆ ಎರಡು ಸಂಖ್ಯೆ ಸೊನ್ನೆಯಿಂದ ಶುರುವಾಗುತ್ತಿದ್ದವು. ಸ್ಪ್ರೆಡ್‌ಶೀಟು ಅದನ್ನು ಅಂಕಿ ಅಂತ ತಿಳಿದು ಮುಂದಿನ ಸೊನ್ನೆಯನ್ನು ತೆಗೆದುಹಾಕಿತ್ತು. 12 ಇದ್ದದ್ದು 11 ಆಯಿತು. ಕಮಾಂಡ್ ಉದ್ದ ಸಾಲದು ಅಂತ ಹೇಳಿಯೂ ಇತ್ತು. ಆ ಸಾಲು ಉಳಿದ ಸಾಲುಗಳ ನಡುವೆ ಮೇಲಕ್ಕೆ ಓಡಿ ಹೋಗಿತ್ತು. ಆವತ್ತಿನಿಂದ ಆ ಕಾಲಂ ಅನ್ನು ಅಂಕಿಯಾಗಿ ಇಡದೆ ಅಕ್ಷರವಾಗಿಯೇ ಇಡುತ್ತೇವೆ, ಮತ್ತು ಸ್ಕ್ರಿಪ್ಟ್ 12 ಅಂಕಿ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ಪಾಠ ಇನ್ನೊಂದು. "ಕ್ರಿಯೇಟ್-ಮೆಂಬರ್ಸ್" ಮತ್ತು "ಇನ್ವೈಟ್-ಮೆಂಬರ್ಸ್" ಎರಡೂ ಉತ್ತರದಲ್ಲಿ "ಅನ್‌ಪ್ರೊಸೆಸ್ಡ್ ಅಕೌಂಟ್ಸ್" ಅನ್ನೋ ಒಂದು ಪಟ್ಟಿ ಕೊಡುತ್ತವೆ. ಯಾವ ಖಾತೆಯನ್ನು ಸೇರಿಸಲು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಅದರಲ್ಲಿರುತ್ತದೆ. ಆದರೆ ಕಮಾಂಡ್ ಮಾತ್ರ ತಪ್ಪಿಲ್ಲದೆ ಮುಗಿದ ಹಾಗೇ ಮುಗಿಯುತ್ತದೆ. ನನ್ನ ಸ್ಕ್ರಿಪ್ಟ್ ಕಮಾಂಡ್ ಮುಗಿಯಿತಾ ಅಂತ ಮಾತ್ರ ನೋಡುತ್ತಿತ್ತು. ಆ ಪಟ್ಟಿ ಖಾಲಿ ಇದೆಯಾ ಅಂತ ನೋಡುತ್ತಿರಲಿಲ್ಲ. ಈ ಕೆಲಸ ಮಾಡುವವರು ಬೇರೆ ಏನು ಮರೆತರೂ ಇದನ್ನು ಮರೆಯಬಾರದು ಅಂತ ನನ್ನ ಕಳಕಳಿ.

ಇಮೇಲ್ ವಿಷಯ ಸರಳ, ಆದರೆ ಕೆಲಸ ಜಾಸ್ತಿ. ಕೊಡಬೇಕಾದದ್ದು ಆ ಖಾತೆಯ ರೂಟ್ ಇಮೇಲ್. ಮಾಲೀಕರು ಕೊಟ್ಟದ್ದು ಅವರ ಈಗಿನ ಇಮೇಲ್. ಒಂದು ಮಿಲ್ಲಿನ ಖಾತೆ ತೆರೆದಿದ್ದು ಹಿಂದಿನ ಗುಮಾಸ್ತರ ಇಮೇಲಿನಲ್ಲಿ, ಇನ್ನೊಂದು ಮಾಲೀಕರ ಅಳಿಯಂದಿರದು. ಮೊದಲು ರೂಟ್ ಇಮೇಲುಗಳನ್ನು ಮಿಲ್ಲಿನ ಹೆಸರಿಗೆ ಬದಲಿಸಿಕೊಂಡೆವು. ಆಮೇಲೆ "ಡಿಲೀಟ್-ಮೆಂಬರ್ಸ್" ಓಡಿಸಿ, ಸರಿಯಾದ ಇಮೇಲ್ ಕೊಟ್ಟು ಮತ್ತೆ ಸೇರಿಸಿದೆವು. ಕಾವಲು ಜೋಡಿಸಲು ಹೋಗಿ, ಮನೆ ಯಾರ ಹೆಸರಿನಲ್ಲಿದೆ ಅನ್ನೋದೇ ಸರಿಹೋಯಿತು.

ಗೊತ್ತಾಗದ ಆ ಒಂದು ಮಿಲ್ಲಿನದು ಬೇರೆ ಕಥೆ. ಅವರಿಗೆ ಸಿರುಗುಪ್ಪದಲ್ಲೂ ಒಂದು ಮಿಲ್ಲಿದೆ, ಅದಕ್ಕೆ ಬೇರೆ ಖಾತೆ. ಅವರ ಹಳೆಯ ಕಂಪ್ಯೂಟರಿನವರು ಆಗಲೇ ಗಂಗಾವತಿ ಖಾತೆಯನ್ನು ನಿರ್ವಾಹಕ ಮಾಡಿ ಸಿರುಗುಪ್ಪದ್ದನ್ನು ಸದಸ್ಯ ಮಾಡಿಟ್ಟಿದ್ದರು. ಒಂದು ಖಾತೆ ನಿರ್ವಾಹಕನೂ ಆಗಿ, ಇನ್ನೊಬ್ಬರ ಸದಸ್ಯನೂ ಆಗಿರಲು ಬರುವುದಿಲ್ಲ. ಸದಸ್ಯನಿಗೂ ಒಬ್ಬನೇ ನಿರ್ವಾಹಕ. ಮೊದಲು ಅವರ ಒಳಜೋಡಣೆಯನ್ನು ಬಿಡಿಸಿದೆವು. ಆಮೇಲೆ ಗಂಗಾವತಿ ಖಾತೆಯನ್ನು ನಮ್ಮ ಕಾವಲಿಗೆ ಕರೆದೆವು. ಸಿರುಗುಪ್ಪದ್ದನ್ನು ಮುಂದೆ ನೋಡೋಣ ಅಂದರು.

ಒಪ್ಪಿಗೆ ಯಾರ ಕೈಯಿಂದ?

ಸದಸ್ಯರ ಕಡೆಯ ಕೆಲಸ ಇಷ್ಟು. ಅವರ ಖಾತೆಯಲ್ಲೂ ಡಿಟೆಕ್ಟರ್ ಇರಬೇಕು. "ಲಿಸ್ಟ್-ಇನ್ವಿಟೇಶನ್ಸ್" ಓಡಿಸಿದರೆ ಆಹ್ವಾನದ ಐಡಿ ಸಿಗುತ್ತದೆ. "ಆಕ್ಸೆಪ್ಟ್-ಅಡ್ಮಿನಿಸ್ಟ್ರೇಟರ್-ಇನ್ವಿಟೇಶನ್" ಕಮಾಂಡಿಗೆ ಡಿಟೆಕ್ಟರ್ ಐಡಿ, ನಿರ್ವಾಹಕ ಖಾತೆಯ ಸಂಖ್ಯೆ, ಆಹ್ವಾನದ ಐಡಿ ಮೂರನ್ನೂ ಕೊಡಬೇಕು. ಹಳೆಯ ಟಿಪ್ಪಣಿಗಳಲ್ಲಿ ಇದಕ್ಕೆ "ಆಕ್ಸೆಪ್ಟ್-ಇನ್ವಿಟೇಶನ್" ಅಂತ, ನಿರ್ವಾಹಕನಿಗೆ "ಮಾಸ್ಟರ್" ಅಂತ ಇರುತ್ತದೆ. ಹೆಸರು ಬದಲಾಗಿದೆ, ಕೆಲಸ ಅದೇ.

ಮೊದಲು ಕಮಾಂಡುಗಳನ್ನು ವಾಟ್ಸಾಪಿನಲ್ಲಿ ಕಳಿಸಿದೆವು. ಮಿಲ್ಲಿನ ಲೆಕ್ಕಿಗರು ಅಂಟಿಸಿ ಓಡಿಸಿದರು. ಒಬ್ಬರದೂ ಆಗಲಿಲ್ಲ. ತಪ್ಪು ನನ್ನದು. ನಾನು ಕಳಿಸಿದ ಮಾದರಿಯಲ್ಲಿ ನಿರ್ವಾಹಕ ಖಾತೆಯ ಡಿಟೆಕ್ಟರ್ ಐಡಿ ಇತ್ತು. ಇಲ್ಲಿ ಬೇಕಾದದ್ದು ಸದಸ್ಯರ ಸ್ವಂತ ಡಿಟೆಕ್ಟರ್ ಐಡಿ. ಅದು ಖಾತೆ ಖಾತೆಗೂ ಬೇರೆ, ರೀಜನ್ ರೀಜನ್ನಿಗೂ ಬೇರೆ. ಕೈಯಲ್ಲಿ ತುಂಬಿ ಅಂತ ಹೇಳುವ ಕೆಲಸವೇ ಅಲ್ಲ.

ಸುಗ್ಗಿ ಹತ್ತಿರ ಬರುತ್ತಿತ್ತು. ಲಾರಿ ಸಾಲು ಶುರುವಾದರೆ ಆಮೇಲೆ ಯಾರೂ ಕೈಗೆ ಸಿಗುವುದಿಲ್ಲ. ನಮ್ಮ ಅಂಗಡಿಯ ಒಬ್ಬ ಹುಡುಗ ಹೇಳಿದ: "ಸರ್, ಎಲ್ಲರ ರೂಟ್ ಪಾಸ್‌ವರ್ಡ್ ತಗೊಂಡುಬಿಡೋಣ. ಒಂದೇ ರಾತ್ರಿಯಲ್ಲಿ ನಾವೇ ಮುಗಿಸ್ತೀವಿ." ನಾಲ್ಕು ಮಾಲೀಕರು ಕೊಡಲು ತಯಾರಿದ್ದರು. ಒಬ್ಬರು ಆಗಲೇ ಮೆಸೇಜ್ ಮಾಡಿಬಿಟ್ಟಿದ್ದರು.

ನಾನು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಒಪ್ಪಿಕೊಂಡರೆ ಎರಡು ತಾಸಿನ ಕೆಲಸ. ಆದರೆ ಇಷ್ಟೆಲ್ಲ ಶುರುವಾದದ್ದೇ ಇರಬಾರದ ಜಾಗದಲ್ಲಿ ಒಂದು ಕೀ ಇದ್ದದ್ದರಿಂದ. ಈಗ 11 ಮನೆಯ ಬೀಗದ ಕೈ ನಮ್ಮ ಫೋನಿನಲ್ಲಿ ಇಟ್ಟುಕೊಂಡರೆ, ಹಿರಿಯರು ಹೇಳಿದ ಬೇಲಿ ನಾವೇ ಆಗುತ್ತೇವೆ. ಅಲ್ವಾ? ಮೆಸೇಜ್ ಮಾಡಿದವರಿಗೆ ಫೋನ್ ಮಾಡಿ ಆಗಲೇ ಪಾಸ್‌ವರ್ಡ್ ಬದಲಿಸಲು ಹೇಳಿದೆ. ಒಪ್ಪಿಗೆ ಅವರ ಕೈಯಿಂದಲೇ ಆಗಬೇಕು ಅಂತ ತೀರ್ಮಾನಿಸಿದೆ.

ಇಡೀ ಕೆಲಸದಲ್ಲಿ ನನಗೆ ಸಮಾಧಾನ ಕೊಟ್ಟ ಭಾಗ ಇಲ್ಲಿಂದ ಮುಂದಿನದು. ಎಡಬ್ಲ್ಯೂಎಸ್‌ನಲ್ಲಿ ಕ್ಲೌಡ್‌ಶೆಲ್ ಅಂತ ಇದೆ. ಬ್ರೌಸರಿನಲ್ಲಿ ಲಾಗಿನ್ ಆದವರಿಗೆ ಅಲ್ಲೇ ಕಮಾಂಡ್ ಲೈನ್ ತೆರೆಯುತ್ತದೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬೇರೆ ಕೀ ಬೇಕಿಲ್ಲ. ಅದರಲ್ಲಿ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆವು. ಅದು ಒಂದೊಂದು ರೀಜನ್ನಿಗೂ ಹೋಗುತ್ತದೆ. ಡಿಟೆಕ್ಟರ್ ಇದ್ದರೆ ಅದರ ಐಡಿ ತಾನೇ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಹೊಸದು ಮಾಡುತ್ತದೆ. ಬಂದಿರುವ ಆಹ್ವಾನವನ್ನು ತಾನೇ ಓದುತ್ತದೆ.

ಒಪ್ಪಿಕೊಳ್ಳುವ ಮುಂಚೆ ಮಾತ್ರ ನಿಲ್ಲುತ್ತದೆ. ಮೊದಲು ಬರೆದ ಆವೃತ್ತಿಯಲ್ಲಿ ಇದು ಇರಲಿಲ್ಲ. ಬಂದಿರುವ ಮೊದಲ ಆಹ್ವಾನವನ್ನು ಕಣ್ಣು ಮುಚ್ಚಿ ಒಪ್ಪಿಬಿಡುತ್ತಿತ್ತು. ಬರೆದು ಮುಗಿಸಿದ ಮೇಲೆ ಹೊಳೆಯಿತು: ಬೇರೆ ಯಾರಾದರೂ ಆಹ್ವಾನ ಕಳಿಸಿದ್ದರೆ? ಅದನ್ನೂ ಒಪ್ಪುತ್ತದೆ. ಹಾಗಾಗಿ ಬದಲಿಸಿದೆವು. ನಿರ್ವಾಹಕ ಖಾತೆಯ ಸಂಖ್ಯೆಯನ್ನು ಸ್ಕ್ರಿಪ್ಟಿನೊಳಗೆ ಬರೆದಿಡಲಿಲ್ಲ. ಮಾಲೀಕರೇ ಟೈಪ್ ಮಾಡಬೇಕು. ಆ 12 ಅಂಕಿಯನ್ನು ಹಿರಿಯ ಸಾಹುಕಾರರು ಫೋನಿನಲ್ಲಿ ಓದಿ ಹೇಳುತ್ತಾರೆ. ಅವರ ದನಿ ಇವರೆಲ್ಲರಿಗೂ ಗೊತ್ತು. ಟೈಪ್ ಮಾಡಿದ ಸಂಖ್ಯೆಗೂ ಆಹ್ವಾನದಲ್ಲಿರುವ ಸಂಖ್ಯೆಗೂ ತಾಳೆಯಾದರೆ ಮಾತ್ರ ಸ್ಕ್ರಿಪ್ಟ್ ಮುಂದೆ ಹೋಗುತ್ತದೆ.

ನಾನು ಮಿಲ್ಲಿನಿಂದ ಮಿಲ್ಲಿಗೆ ಹೋದೆ. ಪಕ್ಕದಲ್ಲಿ ಕೂತೆ, ಕೀಬೋರ್ಡ್ ಮುಟ್ಟಲಿಲ್ಲ. ಕಾರಟಗಿಯ ಒಬ್ಬ ಮಾಲೀಕರು ಒಂದೊಂದು ಅಂಕಿಯನ್ನೂ ಜೋರಾಗಿ ಹೇಳಿಕೊಂಡು ಒತ್ತಿದರು. ಭತ್ತದ ಚೀಲ ಎಣಿಸುವ ಹಾಗೆ. ಎಲ್ಲ ಮಿಲ್ಲು ಮುಗಿಯಲು ಒಂದು ವಾರ ಬೇಕಾಯಿತು. ವಾರದ ಕೊನೆಗೆ 187 ಸಾಲಿನಲ್ಲೂ ಸ್ಥಿತಿ "ಎನೇಬಲ್ಡ್".

ಕರೆಗಂಟೆ ಬಾರಿಸಿ ನೋಡಿದ್ದು

ಜೋಡಣೆ ಆದರೆ ಸಾಲದು, ಸುದ್ದಿ ಮುಟ್ಟಬೇಕು. ಗಾರ್ಡ್‌ಡ್ಯೂಟಿ ಫೈಂಡಿಂಗನ್ನು 90 ದಿನ ಇಟ್ಟುಕೊಳ್ಳುತ್ತದೆ. ಆದರೆ ಯಾರೂ ನೋಡದಿದ್ದರೆ ಅದು ಸುಮ್ನೆ ಬಿದ್ದಿರುತ್ತದೆ. ಹಾಗಾಗಿ 17 ರೀಜನ್ನಿನಿಂದಲೂ ಫೈಂಡಿಂಗ್‌ಗಳು ಈವೆಂಟ್‌ಬ್ರಿಡ್ಜ್ ಅನ್ನೋ ಸುದ್ದಿ ಸಾಗಿಸುವ ಸೇವೆಯ ಮೂಲಕ ಮುಂಬೈಗೆ ಬರುವ ಹಾಗೆ ಮಾಡಿ, ಅಲ್ಲಿಂದ ಇಮೇಲ್ ಮತ್ತು ಮೆಸೇಜ್ ಹೋಗುವ ಹಾಗೆ ಮಾಡಿದೆವು. ತೀವ್ರತೆ 7 ಅಥವಾ ಜಾಸ್ತಿ ಇದ್ದರೆ ಫೋನಿಗೆ, ಉಳಿದದ್ದು ಇಮೇಲಿಗೆ. ಹಳೆಯ ಫೈಂಡಿಂಗ್ ಮರುಕಳಿಸಿದರೆ ಸುದ್ದಿ ಬರುವುದು ಮೊದಲಿಗೆ 6 ತಾಸಿಗೊಮ್ಮೆ ಇರುತ್ತದೆ. ಅದನ್ನು 15 ನಿಮಿಷಕ್ಕೆ ಇಳಿಸಿದೆವು.

ಪರೀಕ್ಷೆಗೆ "ಕ್ರಿಯೇಟ್-ಸ್ಯಾಂಪಲ್-ಫೈಂಡಿಂಗ್ಸ್" ಇದೆ. ಒಂದು ಸದಸ್ಯ ಖಾತೆಯಲ್ಲಿ ಓಡಿಸಿದೆವು. ಯಾವ ಬಗೆಯದು ಅಂತ ಹೇಳದೆ ಓಡಿಸಿದ್ದರಿಂದ ಎಲ್ಲ ಬಗೆಯ ಮಾದರಿಗಳೂ ಒಟ್ಟಿಗೆ ಬಂದವು. ಎಲ್ಲರ ಫೋನೂ ಒಂದೇ ಸಮ ಬಡಿದುಕೊಂಡವು. ಇಬ್ಬರು ಮಾಲೀಕರು ಹೆದರಿ ಮಿಲ್ಲಿಗೆ ಓಡಿ ಬಂದರು. ಮಾದರಿ ಅಂತ ಅದರ ಹೆಸರಿನಲ್ಲೇ ಬರೆದಿರುತ್ತದೆ, ಆದರೆ ಗಾಬರಿಯಲ್ಲಿ ಯಾರು ಓದುತ್ತಾರೆ? ಒಂದೇ ಬಗೆಯನ್ನು ಹೆಸರಿಸಿ, ಎಲ್ಲರಿಗೂ ಮೊದಲೇ ತಿಳಿಸಿ ಮಾಡಬೇಕಿತ್ತು. ಅವರ ಹತ್ತಿರ ಕ್ಷಮೆ ಕೇಳಿದೆ.

ಮೊದಲ ವಾರದಲ್ಲೇ ನಿಜವಾದ ಫೈಂಡಿಂಗ್‌ಗಳೂ ಬಂದವು. ಮೂರು ಮಿಲ್ಲಿನ ಸರ್ವರಿಗೆ ಹೊರಗಿನಿಂದ ಯಾರೋ ಪಾಸ್‌ವರ್ಡ್ ಊಹಿಸಿ ಊಹಿಸಿ ಬಾಗಿಲು ಬಡಿಯುತ್ತಿದ್ದರು. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಬಾಗಿಲಾದ 22ನೇ ಪೋರ್ಟ್ ಇಡೀ ಜಗತ್ತಿಗೆ ತೆರೆದಿತ್ತು. ಹಿಂದೆ ರಿಪೇರಿಗೆ ಅಂತ ನಾವೇ ತೆರೆದು ಮುಚ್ಚಲು ಮರೆತದ್ದು. ಮುಚ್ಚಿದೆವು. ಇನ್ನೊಂದು ಖಾತೆಯಲ್ಲಿ ದಿನದ ಕೆಲಸಕ್ಕೆಲ್ಲ ರೂಟ್ ಲಾಗಿನ್ನನ್ನೇ ಬಳಸುತ್ತಿದ್ದಾರೆ ಅಂತ ಬಂತು. ಅವರಿಗೆ ಬೇರೆ ಬಳಕೆದಾರ ಮಾಡಿಕೊಟ್ಟೆವು.

ಪಟ್ಟಿಯಿಂದ ಮಾಯವಾದ ಮಿಲ್ಲು

ಪ್ರತಿ ಸೋಮವಾರ "ಲಿಸ್ಟ್-ಮೆಂಬರ್ಸ್" ಓಡಿಸಿ, ಪಟ್ಟಿಯಲ್ಲಿರುವ ಎಲ್ಲರೂ "ಎನೇಬಲ್ಡ್" ಇದ್ದಾರಾ ಅಂತ ನೋಡುವ ಪದ್ಧತಿ ಇಟ್ಟಿದ್ದೆವು. ಎರಡು ತಿಂಗಳು ಎಲ್ಲ ಸರಿ ಅಂತಲೇ ಬಂತು. ಒಂದು ದಿನ ಬೇರೆ ಏನೋ ಹುಡುಕುವಾಗ ಸಾಲು ಎಣಿಸಿದೆ. ಮುಂಬೈಯಲ್ಲಿ 11 ಇರಬೇಕಾದ ಕಡೆ 10 ಇತ್ತು.

ಒಂದು ಮಿಲ್ಲು ಮೂರು ವಾರದ ಹಿಂದೆಯೇ ಬಿಟ್ಟು ಹೋಗಿತ್ತು. ಆಹ್ವಾನದ ದಾರಿಯಲ್ಲಿ ಸದಸ್ಯರು ಯಾವಾಗ ಬೇಕಾದರೂ ಬಿಡಬಹುದು. ಬಿಟ್ಟವರ ಸ್ಥಿತಿ "ರಿಸೈನ್ಡ್" ಅಂತ ಆಗುತ್ತದೆ. ಆದರೆ "ಲಿಸ್ಟ್-ಮೆಂಬರ್ಸ್" ತಾನಾಗಿ ತೋರಿಸುವುದು ಜೋಡಣೆಯಲ್ಲಿರುವವರನ್ನು ಮಾತ್ರ. ಬಿಟ್ಟವರನ್ನೂ ನೋಡಬೇಕಾದರೆ "ಓನ್ಲಿ-ಅಸೋಸಿಯೇಟೆಡ್" ಅನ್ನೋದಕ್ಕೆ "ಫಾಲ್ಸ್" ಅಂತ ಕೊಡಬೇಕು. ನಾವು ಕೊಟ್ಟಿರಲಿಲ್ಲ. ಇದ್ದವರನ್ನು ಕೇಳಿ "ಎಲ್ಲರೂ ಇದ್ದೀರಾ?" ಅಂದರೆ ಹೌದು ಅಂತಲೇ ಉತ್ತರ ಬರುತ್ತದೆ. ಈಗ ನಮ್ಮ ಕೈಯ ಪಟ್ಟಿಯಲ್ಲಿರುವ 12 ಅಂಕಿಯ ಒಂದೊಂದು ಸಂಖ್ಯೆಯನ್ನೂ ಆ ಉತ್ತರದ ಜೊತೆ ತಾಳೆ ನೋಡುತ್ತೇವೆ. ಒಂದು ಕಡಿಮೆ ಬಿದ್ದರೂ ಸ್ಕ್ರಿಪ್ಟ್ ಹೆಸರು ಹಿಡಿದು ಹೇಳುತ್ತದೆ.

ಬಿಟ್ಟದ್ದು ಯಾಕೆ ಅಂತ ಕೇಳಲು ಆ ಮಿಲ್ಲಿಗೆ ಹೋದೆ. ಅಲ್ಲಿ ಹೊಸ ಲೆಕ್ಕಿಗರು ಬಂದಿದ್ದರು. ಖಾತೆಯ ಒಳಗೆ ಗುರುತಿಲ್ಲದ ಒಂದು ನಿರ್ವಾಹಕ ಸಂಖ್ಯೆ ಕಂಡಿದೆ. ಯಾರೋ ಹೊರಗಿನವರು ಸೇರಿಕೊಂಡಿದ್ದಾರೆ ಅಂತ ಅವರೇ ಕಿತ್ತು ಹಾಕಿದ್ದಾರೆ. ನನಗೆ ಬೈಯಲು ಮನಸ್ಸು ಬರಲಿಲ್ಲ. ಅವರು ಮಾಡಿದ್ದು ಸರಿ. ಬಿಲ್ಲು ಬಂದ ಆ ಮಿಲ್ಲಿನಲ್ಲಿ ಇಂಥ ಒಬ್ಬರು ಇದ್ದಿದ್ದರೆ ಎರಡು ಲಕ್ಷ ಉಳಿಯುತ್ತಿತ್ತು. ಹೊಸಬರಿಗೆ ವಿಷಯ ತಿಳಿಸುವ ವ್ಯವಸ್ಥೆ ನಾವು ಮಾಡಿರಲಿಲ್ಲ, ಅಷ್ಟೇ.

ನನಗೆ ಈಗಲೂ ಅನಿಸುವುದು ಇದು. ಒಬ್ಬರೇ ಮಾಲೀಕರ ನಾಲ್ಕು ಕಂಪನಿಗಳಾಗಿದ್ದರೆ ಆರ್ಗನೈಸೇಷನ್ಸ್ ದಾರಿಯನ್ನೇ ಹಿಡಿಯಿರಿ. ಅಲ್ಲಿ ಸದಸ್ಯರು ತಾವಾಗಿ ಬಿಟ್ಟು ಹೋಗುವ ಹಾಗೆ ಇರುವುದಿಲ್ಲ, ಹೊಸ ಖಾತೆ ಮರೆತು ಹೋಗುವುದಿಲ್ಲ. ನಮ್ಮಲ್ಲಿ ಪೈಪೋಟಿಯ 11 ಮನೆಗಳಿದ್ದವು. ಬಿಟ್ಟು ಹೋಗಬಹುದು ಅನ್ನೋ ಕಾರಣಕ್ಕೇ ಅವರು ಒಳಗೆ ಬಂದರು.

ಆ ಮಿಲ್ಲಿಗೆ 17 ರೀಜನ್ನಿನಿಂದಲೂ ಮತ್ತೆ ಆಹ್ವಾನ ಕಳಿಸಿದೆವು. ಲೆಕ್ಕಿಗರು ಕ್ಲೌಡ್‌ಶೆಲ್ ತೆರೆದರು. ನಾನು ಸಂಖ್ಯೆ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದು, "ನೀವು ಬೇಡ್ರಿ, ದೊಡ್ಡ ಸಾಹುಕಾರ್ರನ್ನೇ ಕೇಳ್ತೀನಿ" ಅಂದರು. ಫೋನ್ ಹಚ್ಚಿ, ಆ ಕಡೆಯಿಂದ ಬಂದ 12 ಅಂಕಿಯನ್ನು ಮೊದಲು ಖಾತಾ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡರು. ಒಂದು ಸಲ ತಿರುಗಿ ಓದಿ ಹೇಳಿದರು. ಆಮೇಲೆ ಟೈಪ್ ಮಾಡಿದರು.